‘ಗಂಡಸಾದ’ ಎಂದು ಬರೆಯುವ ಮೊದಲು

ಮಾನ್ಯ ಸಂಪಾದಕರೆ,

ಕಳೆದ ಭಾನುವಾರದ ಪುರವಣಿಯಲ್ಲಿ ನೈಜೀರಿಯಾದ ಲೇಖಕಿ ಚಿಮಮಾಂಡ ಎನ್‌ಗೋಜಿ ಅಡೀಚಿ ಅವರ ‘ಹಾಫ್ ಆಫ್ ಎ ಯೆಲ್ಲೋ ಸನ್’ ಕಾದಂಬರಿ ಕುರಿತ ಬರಹ ಓದಿದೆ. 2006ರಲ್ಲಿ ಬಂದ ಆಫ್ರಿಕಾದ ಪುಸ್ತಕವೊಂದಕ್ಕೆ ಇಷ್ಟು ವರ್ಷದ ಮೇಲೂ ಮುಕ್ಕಾಲು ಪುಟ ಕೊಟ್ಟಿದ್ದೀರಿ, ಸಂತೋಷ. ಆದರೆ ಕೊನೆಯಲ್ಲಿ ‘ಹಳ್ಳಿಯ ಮುಗ್ಧ ಹುಡುಗನನ್ನು ಯುದ್ಧವು ಗಂಡಸನ್ನಾಗಿ ಮಾಡಿತು’ ಎಂಬ ಸಾಲಿದೆಯಲ್ಲ, ನನ್ನ ತಕರಾರು ಅದಕ್ಕೆ. ಪುಸ್ತಕ ಹೇಳುವುದು ಅದರ ಉಲ್ಟಾ.

ನಾನು ದೇವದುರ್ಗ ತಾಲ್ಲೂಕಿನಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾದವಳು. ಮಗಳ ಎಂ.ಎ. ಓದಿಗೆಂದು ಮನೆಗೆ ಬಂದ ಪುಸ್ತಕವಿದು. ಅವಳ ಪರೀಕ್ಷೆ ಮುಗಿದ ಮೇಲೆ ನಾನು ಹಿಡಿದೆ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ನಿಧಾನಕ್ಕೆ ಓದಿದ್ದರಿಂದಲೋ ಏನೋ, ಬೇಗ ಓದುವವರು ದಾಟಿಹೋಗುವ ಸಂಗತಿಗಳು ನನಗೆ ಕಾಲಿಗೆ ತೊಡರಿದವು.

ಆ ಹಳ್ಳಿ ಹುಡುಗನ ಹೆಸರು ಉಗ್ವು, ವಯಸ್ಸು ಹದಿಮೂರು. ಎನ್‌ಸುಕ್ಕಾ ವಿಶ್ವವಿದ್ಯಾಲಯದ ಮೇಷ್ಟ್ರೊಬ್ಬರ ಮನೆಗೆಲಸಕ್ಕೆ ಅವನ ಅತ್ತೆ ತಂದು ಬಿಡುತ್ತಾಳೆ. ಅಲ್ಲೇ ಅವನು ಫ್ರಿಜ್ಜಿನ ಬಾಗಿಲು ತೆಗೆಯುವುದು. ಒಳಗಿದ್ದ ಕೋಳಿ ತಿಂದು, ಒಂದಷ್ಟು ತುಂಡು ಚಡ್ಡಿಯ ಜೇಬಿಗೂ ತುಂಬಿಕೊಂಡು ಮಲಗಲು ಹೋಗುತ್ತಾನೆ. ನಮ್ಮ ಕಡೆಯಿಂದ ಬೆಂಗಳೂರಿನ ಹೋಟೆಲುಗಳಿಗೆ ದುಡಿಯಲು ಹೋಗುವ ಹುಡುಗರ ತಾಯಂದಿರಿಗೆ ಈ ಪುಟ ಓದಿ ಹೇಳಿದರೆ, ಇದು ಯಾವ ದೇಶದ್ದೆಂದು ಒಬ್ಬರೂ ಕೇಳಲಿಕ್ಕಿಲ್ಲ. ಇಸ್ತ್ರಿ ಮಾಡಲು ಹೋಗಿ ಮೇಷ್ಟ್ರ ಸಾಕ್ಸ್ ಸುಡುತ್ತಾನೆ. ಆ ಮೇಷ್ಟ್ರು, ಒಡೆನಿಗ್ಬೊ, ಅವನನ್ನು ಶಾಲೆಗೆ ಸೇರಿಸುತ್ತಾರೆ. ‘ನೈಜರ್ ನದಿ ಕಂಡುಹಿಡಿದವನು ಮುಂಗೋ ಪಾರ್ಕ್ ಅಂತ ಕಲಿಸ್ತಾರೆ, ಅದು ಶುದ್ಧ ಸುಳ್ಳು, ಅವನ ತಾತ ಹುಟ್ಟುವ ಎಷ್ಟೋ ಮೊದಲೇ ನಮ್ಮವರು ಅಲ್ಲಿ ಮೀನು ಹಿಡೀತಿದ್ರು, ಪರೀಕ್ಷೆಯಲ್ಲಿ ಮಾತ್ರ ಮುಂಗೋ ಪಾರ್ಕ್ ಅಂತಲೇ ಬರಿ’ ಎಂಬ ಅರ್ಥದ ಮಾತು ಹೇಳುತ್ತಾರೆ. ಇಂಥವರೊಬ್ಬರು ನಮಗೂ ಇತಿಹಾಸ ಹೇಳಿಕೊಟ್ಟಿದ್ದರೆ! ಉಗ್ವು ಓದು ಕಲಿಯುತ್ತಾನೆ, ಅಡುಗೆ ಕಲಿಯುತ್ತಾನೆ, ಮನೆಯ ಪುಟ್ಟ ಮಗುವನ್ನು ನೋಡಿಕೊಳ್ಳುತ್ತಾನೆ. ನನ್ನ ಲೆಕ್ಕದಲ್ಲಿ ಅವನು ದೊಡ್ಡವನಾದದ್ದು ಆ ಅಡುಗೆಮನೆಯಲ್ಲಿ. ಯುದ್ಧ ಆಗಿನ್ನೂ ಶುರುವೇ ಆಗಿರಲಿಲ್ಲ.

1967ರ ಮೇ 30ರಂದು ನೈಜೀರಿಯಾದ ಪೂರ್ವ ಭಾಗ ತಾನು ಬಿಯಾಫ್ರಾ ಎಂಬ ಬೇರೆ ದೇಶವೆಂದು ಘೋಷಿಸಿಕೊಂಡಿದ್ದು, ಜುಲೈನಲ್ಲಿ ಕಾಳಗ ಶುರುವಾಗಿದ್ದು, 1970ರ ಜನವರಿಯಲ್ಲಿ ಶರಣಾಗಿದ್ದು, ಇದನ್ನೆಲ್ಲ ನಿಮ್ಮ ಲೇಖಕರು ಸರಿಯಾಗಿಯೇ ಕೊಟ್ಟಿದ್ದಾರೆ. ಬಿಟ್ಟಿದ್ದು ಊಟದ ವಿಷಯ. ನೈಜೀರಿಯಾ ಬಿಯಾಫ್ರಾದ ಸುತ್ತ ದಿಗ್ಬಂಧನ ಹಾಕಿತು; ಗುಂಡಿಗಿಂತ ಹಸಿವಿಗೆ ಸತ್ತವರೇ ಹೆಚ್ಚು. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ, ಮೇಷ್ಟ್ರ ಸಂಗಾತಿ ಒಲಾನ್ನಾ ಮೊಟ್ಟೆಪುಡಿಗಾಗಿ ಪರಿಹಾರ ಕೇಂದ್ರದ ಮುಂದೆ ಸಾಲು ನಿಲ್ಲುತ್ತಾಳೆ. ಪರಿಚಯದವನೊಬ್ಬ ಗುಟ್ಟಾಗಿ ಕೊಟ್ಟ ಮಾಂಸದ ಡಬ್ಬಿಯನ್ನು ದಾರಿಯಲ್ಲಿ ಸೈನಿಕರೇ ಕಿತ್ತುಕೊಳ್ಳುತ್ತಾರೆ. ಸರಿಯಾದ ಊಟವಿಲ್ಲದೆ ಪಕ್ಕದ ಮನೆಯ ಪುಟ್ಟ ಹುಡುಗಿಯ ಹೊಟ್ಟೆ ಊದುತ್ತದೆ. ಇಲ್ಲಿ ನಾನು ಪುಸ್ತಕ ಮಡಚಿಟ್ಟು ಎದ್ದು ಹೋದೆ, ಯಾಕೆಂದರೆ ಇದು ನನಗೆ ಗೊತ್ತಿರುವ ಸಂಗತಿ. ಮಗುವಿನ ಪಾದದ ಮೇಲೆ ಹೆಬ್ಬೆರಳು ಒತ್ತಿ ಮೂರು ಸೆಕೆಂಡು ಹಿಡಿಯುತ್ತೇವೆ. ಬೆರಳು ತೆಗೆದ ಮೇಲೂ ಎರಡೂ ಪಾದಗಳಲ್ಲಿ ಕುಳಿ ಹಾಗೇ ಉಳಿದರೆ, ತೋಳಿನ ಸುತ್ತಳತೆ ನೋಡುವ ಪಟ್ಟಿ ಹಸಿರು ತೋರಿಸಲಿ, 11.5 ಸೆಂ.ಮೀ.ಗಿಂತ ಕೆಳಗಿಳಿದು ಕೆಂಪು ತೋರಿಸಲಿ, ಮಗುವನ್ನು ಆಸ್ಪತ್ರೆಗೆ ಕಳಿಸಲೇಬೇಕು. ಮೈ ತುಂಬಿಕೊಂಡಿದೆ ಎಂದು ತಾಯಿ ಸಮಾಧಾನದಲ್ಲಿರುತ್ತಾಳೆ. ಅದು ಬರೀ ನೀರು. ಪುಸ್ತಕದ ಬೆನ್ನಿಗೆ ‘ಪ್ರೇಮ ಮತ್ತು ಯುದ್ಧದ ಕಥನ’ ಎಂದೇ ಬರೆಯುತ್ತಾರೇನೋ, ನಾನು ಓದಿದ್ದು ಊಟದ ಕಥೆ.

ಇನ್ನು ಆ ‘ಗಂಡಸು’. ಉಗ್ವು ತಾನಾಗಿ ಸೈನ್ಯ ಸೇರಿದವನಲ್ಲ, ಬಲವಂತವಾಗಿ ಹಿಡಿದೊಯ್ದದ್ದು. ಸ್ಫೋಟಕ ಸಿಡಿಸುವುದರಲ್ಲಿ ಕೈ ಪಳಗಿದ್ದಕ್ಕೆ ಜೊತೆಯವರು ‘ಟಾರ್ಗೆಟ್ ಡೆಸ್ಟ್ರಾಯರ್’ ಎಂದು ಹೆಸರಿಡುತ್ತಾರೆ. ಒಂದು ದಿನ ಬಾರಿನಲ್ಲಿ ಕುಡಿಯುತ್ತ ಕೂತವರು ಅಲ್ಲಿ ಕೆಲಸಕ್ಕಿದ್ದ ಹುಡುಗಿಯನ್ನು ನೆಲಕ್ಕೆ ಕೆಡವುತ್ತಾರೆ. ಉಗ್ವು ಹಿಂಜರಿಯುತ್ತಾನೆ. ಆಗ ಅವರು ಕೇಳುವುದು: ನೀನು ಗಂಡಸಲ್ಲವೇನು? ನಮ್ಮ ಊರಿನ ಕಟ್ಟೆಯ ಮೇಲಾದರೆ ‘ಬಳಿ ತೊಟಗೋ ಹೋಗಲೇ’ ಅನ್ನುತ್ತಿದ್ದರು. ಅವನೂ ಅವರಲ್ಲೊಬ್ಬನಾಗುತ್ತಾನೆ. ಆ ಹುಡುಗಿ ಅವನನ್ನೇ ದಿಟ್ಟಿಸುತ್ತಾಳೆ, ಅವಳ ಕಣ್ಣಲ್ಲಿ ಅಳುವಿಲ್ಲ, ದ್ವೇಷವಿದೆ. ಅವಳಿಗೊಂದು ಹೆಸರೂ ಇಲ್ಲ.

ನಿಮ್ಮ ಬರಹದಲ್ಲಿ ಈ ಪ್ರಸಂಗದ ಸುಳಿವೇ ಇಲ್ಲ. ಹೋಗಲಿ ಎನ್ನಬಹುದಿತ್ತು. ಆದರೆ ಯಾವ ಮಾತಿನಿಂದ ಕೆಣಕಿ ಅವನ ಕೈಯಲ್ಲಿ ಆ ಕೆಲಸ ಮಾಡಿಸಿದರೋ, ಅದೇ ಮಾತನ್ನು ಎತ್ತಿ ಬಿರುದಿನ ಹಾಗೆ ಅವನಿಗೆ ತೊಡಿಸಿದ್ದೀರಿ. ಮನೆಮಂದಿಯೆಲ್ಲ ಓದುವ ಪತ್ರಿಕೆ, ಅದಕ್ಕೇ ಬಿಟ್ಟೆವು ಎನ್ನುವುದಾದರೆ, ನಿಮ್ಮ ಒಳಪುಟಗಳಲ್ಲಿ ಅತ್ಯಾಚಾರದ ಸುದ್ದಿ ಬರುವುದಿಲ್ಲವೇ?

ನನ್ನ ಮಗಳದು ಬೇರೆ ವಾದ. ‘ಅವನೂ ಹುಡುಗನೇ ಅಲ್ವೇನಮ್ಮ, ಕುಡಿದಿದ್ದ, ಸುತ್ತ ಬಂದೂಕು ಹಿಡಿದವರಿದ್ರು’ ಎನ್ನುತ್ತಾಳೆ. ಇರಬಹುದು. ನನಗೂ ಅವನನ್ನು ದ್ವೇಷಿಸಲು ಆಗಲಿಲ್ಲ. ಜೇಬಿನಲ್ಲಿ ಕೋಳಿ ಇಟ್ಟುಕೊಂಡವನನ್ನು ಹೇಗೆ ದ್ವೇಷಿಸುವುದು? ಆದರೆ ಲೇಖಕಿ ಅವನನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಯುದ್ಧ ಮುಗಿದು ಊರಿಗೆ ಹೋದಾಗ ಅವನ ಸ್ವಂತ ಸೋದರಿ ಅನುಲಿಕಾ ಮೇಲೆ ಎದುರು ಪಾಳೆಯದ ಸೈನಿಕರು ಅದನ್ನೇ ಮಾಡಿದ್ದಾರೆಂದು ತಿಳಿಯುತ್ತದೆ. ತಡೆಯಲು ಹೋಗಿ ಒಬ್ಬನನ್ನು ಕಚ್ಚಿದ್ದಕ್ಕೆ ಸಾಯುವಂತೆ ಹೊಡೆದಿದ್ದಾರೆ. ಕಾದಂಬರಿಯ ನಡುನಡುವೆ ಬರುವ ಯುದ್ಧದ ಪುಸ್ತಕವನ್ನು ಬರೆಯುತ್ತಿದ್ದವನು ಉಗ್ವುವೇ ಎಂಬುದು ಕೊನೆಗೆ ಗೊತ್ತಾಗುತ್ತದೆ. ಅವನು ಬರೆಯಲು ಕೂತದ್ದರಲ್ಲಿ ಆ ಬಾರಿನ ಹುಡುಗಿಯ ಪಾಲೂ ಇದೆ ಎಂದು ನನ್ನ ನಂಬಿಕೆ.

ಈ ಮಾಲಿಕೆಯ ಮುಂದಿನ ಕಂತು ಬರಲಿದೆ ಎಂದು ಅಡಿಯಲ್ಲಿ ಹಾಕಿದ್ದೀರಿ. ಬರೆದವರನ್ನು ನಾನು ಕೇಳುವುದಿಷ್ಟೇ: ಬಾರಿನ ಆ ಪುಟಗಳನ್ನು ಬಿಟ್ಟದ್ದು ಜಾಗ ಸಾಲದೆಯೋ, ಬೇಕೆಂದೋ? ಅದರಲ್ಲೇ ಉತ್ತರಿಸಲಿ.

— ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ,
ದೇವದುರ್ಗ, ರಾಯಚೂರು ಜಿಲ್ಲೆ