ಗೇರ್‌ಬಾಕ್ಸ್ ರೀಕಾಲ್: ಗಾಡಿ ಇರೋರೆಲ್ಲ ಒಮ್ಮೆ ನೋಡಿ

ಅಣ್ಣಂದಿರೇ, ಅಕ್ಕಂದಿರೇ, ಮೊನ್ನೆ ಚಿತ್ರದುರ್ಗದಿಂದ ದಾವಣಗೆರೆಗೆ ಬರುವಾಗ ಆನಗೋಡು ಹತ್ತಿರ ನನ್ನ ಕಾರಿನ ಗೇರ್ ತಾನಾಗೇ ನ್ಯೂಟ್ರಲ್‌ಗೆ ಬಿತ್ತು. ಹಿಂದೆ ಲಾರಿ, ಒಳಗೆ ಮಕ್ಕಳು. ನೆನೆದರೆ ಈಗಲೂ ಕೈ ನಡುಗುತ್ತೆ. ಈ ದೋಷಕ್ಕೆ ಕಂಪನಿ ಮೊದಲೇ ರೀಕಾಲ್ ಕರೆದಿತ್ತಂತೆ, ಅಂದರೆ ದೋಷ ಇರೋ ಗಾಡಿಗಳನ್ನ ವಾಪಸ್ ಕರೆಸಿ ಸರಿ ಮಾಡಿಕೊಡೋದು. ಪತ್ರ ಹಳೇ ಮಾಲೀಕರ ವಿಳಾಸಕ್ಕೆ ಹೋಗಿತ್ತು. ಸೆಕೆಂಡ್ ಹ್ಯಾಂಡ್ ತಗೊಂಡವರು ದಯವಿಟ್ಟು ತಡ ಮಾಡಬೇಡಿ.

ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿ ನಂಬರನ್ನು ಕಂಪನಿ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಇಲ್ಲವೇ ಶೋರೂಂ ಸರ್ವಿಸ್‌ನಲ್ಲಿ ಕೇಳಿ. ರೀಕಾಲ್ ರಿಪೇರಿಗೆ ಪಾರ್ಟ್ಸೂ ಮಜೂರಿಯೂ ಕಂಪನಿಯದೇ. ದುಡ್ಡು ಕೇಳಿದರೆ ಒಪ್ಪಬೇಡಿ, ಸರ್ವಿಸ್‌ನವರು ರಿಪೇರಿ ಕೆಲಸ ಬರೆಯೋ ಜಾಬ್ ಕಾರ್ಡಿನಲ್ಲಿ ‘ರೀಕಾಲ್’ ಅಂತಲೇ ಬರೆಸಿ. ರೀಕಾಲ್ ಇಲ್ಲದೆಯೂ ಇಂಥ ದೋಷ ಕಂಡರೆ ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ (ವೆಬ್‌ಸೈಟಿನಲ್ಲಿ) ದೂರು ಕೊಡಿ. 2021ರ ಏಪ್ರಿಲ್‌ನಿಂದ ಏಳು ವರ್ಷದೊಳಗಿನ ಗಾಡಿಗಳಿಗೆ ಸರ್ಕಾರವೇ ರೀಕಾಲ್ ಆದೇಶ ಕೊಡಬಹುದು. ನಂಬರ್ ಹುಡುಕೋಕೆ ಗೊತ್ತಾಗದಿದ್ದರೆ ನನಗೆ ಫೋನ್ ಮಾಡಿ, ಕೂತು ನೋಡೋಣ.