ಬಯಲುಸೀಮೆಯಲ್ಲೂ ಸಾಮಾನ್ಯರಿಗೆ ಕ್ಯಾಬಿನ್ ವಾಸ್ತವ್ಯ ಬೇಕು

ಮಾನ್ಯ ಸಂಪಾದಕರೇ,

ಶಾಲೆಗಳಿಗೆ ರಜೆ ಸಿಕ್ಕೊಡನೆ ಮೈಸೂರು, ಮಂಡ್ಯದ ಕುಟುಂಬಗಳು ಊಟಿ, ಮಡಿಕೇರಿ, ಚಿಕ್ಕಮಗಳೂರಿನ ದಾರಿ ಹಿಡಿಯುವುದು ವಾಡಿಕೆಯಾಗಿದೆ. ಆ ಬೆಟ್ಟದೂರುಗಳು ಎಷ್ಟು ಜನರನ್ನು ತಾನೇ ತಡೆದುಕೊಂಡಾವು? ನೀಲಗಿರಿಗೆ ಹೋಗುವ ಪ್ರವಾಸಿ ವಾಹನಗಳಿಗೆ 2024ರ ಮೇ ತಿಂಗಳಿನಿಂದ ಇ-ಪಾಸ್ ಕಡ್ಡಾಯವಾಗಿರುವುದೇ ಒತ್ತಡ ಎಲ್ಲಿಗೆ ಮುಟ್ಟಿದೆ ಎಂಬುದನ್ನು ಹೇಳುತ್ತದೆ. ಇತ್ತ ನಮ್ಮ ಮಗ್ಗುಲಲ್ಲೇ ಇರುವ ಪಾಂಡವಪುರ, ನಾಗಮಂಗಲ, ಕೃಷ್ಣರಾಜಪೇಟೆ ತಾಲ್ಲೂಕುಗಳ ವಿಶಾಲ ಬಯಲು, ಬಂಡೆಗಲ್ಲಿನ ಬೆಟ್ಟಗಳು, ಕೆರೆಯಂಗಳಗಳು ಬೆಳಿಗ್ಗೆ ಹೋಗಿ ಸಂಜೆ ಮರಳುವ ಜಾಗಗಳಾಗಿ ಮಾತ್ರ ಉಳಿದಿವೆ. ಬಯಲನ್ನು ಬಯಲಾಗಿ ಕಾಣಬೇಕಾದರೆ ಅಲ್ಲಿ ಒಂದು ರಾತ್ರಿಯಾದರೂ ತಂಗಬೇಕು. ಅದಕ್ಕೆ ಬೇಕಾದ ಸರಳ, ಸುರಕ್ಷಿತ, ಕೈಗೆಟಕುವ ಕ್ಯಾಬಿನ್‌ಗಳನ್ನು, ಅಂದರೆ ಒಂದೇ ಕೋಣೆಯ ಪುಟ್ಟ ತಂಗುಮನೆಗಳನ್ನು, ಸರ್ಕಾರ ಒದಗಿಸಬೇಕೆಂದು ಕೋರುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ರಾಕಿ ಪರ್ವತಗಳ ಪೂರ್ವಕ್ಕೆ, ವಯೋಮಿಂಗ್, ನೆಬ್ರಾಸ್ಕಾಗಳಿಂದ ದಕ್ಷಿಣದ ಟೆಕ್ಸಾಸ್‌ವರೆಗೆ ಹಬ್ಬಿರುವ ಎತ್ತರದ ಬಯಲಿಗೆ ಹೈ ಪ್ಲೇನ್ಸ್ ಎಂದು ಹೆಸರು. ಅದರ ಪಶ್ಚಿಮದ ಅಂಚಿನಲ್ಲಿರುವ ಡೆನ್ವರ್ ನಗರ ಸಮುದ್ರಮಟ್ಟದಿಂದ 1,609 ಮೀಟರ್ ಎತ್ತರದಲ್ಲಿದೆ, ಅಂದರೆ ನಮ್ಮ ಮೈಸೂರಿನ ಎರಡರಷ್ಟು. ಮಗಳು ಆ ನಗರದಲ್ಲಿ ನೆಲೆಸಿರುವುದರಿಂದ ಅವಳ ಕುಟುಂಬದೊಡನೆ ಪೂರ್ವ ಕೊಲರಾಡೋದ ಬಯಲಿನಲ್ಲಿ ಕ್ಯಾಬಿನ್ ವಾಸ್ತವ್ಯಕ್ಕೆ ಹೋಗುವ ಅವಕಾಶ ನನಗೆ ಒದಗಿತ್ತು. ಅಲ್ಲಿ ನೋಡಲು ಜಲಪಾತವಿಲ್ಲ, ಕಾಫಿ ತೋಟವಿಲ್ಲ. ಕಣ್ಣು ಹಾಯುವವರೆಗೂ ಹುಲ್ಲು, ಗಾಳಿ ಮತ್ತು ಆಕಾಶ. ಆದರೂ ಜನ ತಿಂಗಳುಗಟ್ಟಲೆ ಮೊದಲೇ ಜಾಗ ಕಾಯ್ದಿರಿಸಿ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಬರುತ್ತಾರೆ. ಕೊಲರಾಡೋದ ರಾಜ್ಯ ಉದ್ಯಾನಗಳಲ್ಲಿ ಆರು ತಿಂಗಳು ಮುಂಚಿತವಾಗಿ ಕಾಯ್ದಿರಿಸಬಹುದು.

ಕ್ಯಾಬಿನ್ ಎಂದರೆ ರೆಸಾರ್ಟಿನ ಕೊಠಡಿಯಲ್ಲ. ಒಂದೇ ಕೋಣೆ, ಗೋಡೆಗೆ ಒತ್ತಿಕೊಂಡಂತೆ ಮೇಲೊಂದು ಕೆಳಗೊಂದು ಮಂಚ, ಒರೆಸಿದರೆ ಶುಚಿಯಾಗುವ ರೆಕ್ಸಿನ್ ಹೊದಿಸಿದ ಹಾಸಿಗೆ, ಒಂದು ಮೇಜು, ಒಂದು ದೀಪ, ಬಾಗಿಲ ಹಿಂದೆ ಒಂದು ಪೊರಕೆ. ದಿಂಬು, ಹೊದಿಕೆ, ಪಾತ್ರೆಗಳನ್ನೆಲ್ಲ ನಾವೇ ಒಯ್ಯಬೇಕು. ಒಳಗೆ ಒಲೆ ಹಚ್ಚುವಂತಿಲ್ಲ. ಅಂಗಳದಲ್ಲಿ ನೆಲಕ್ಕೆ ಹೂತಿರುವ ಕಬ್ಬಿಣದ ಬಳೆಯೊಳಗೆ ಮಾತ್ರ ಬೆಂಕಿ, ಅದೂ ಆ ದಿನ ಬೆಂಕಿ ನಿಷೇಧ ಇಲ್ಲದಿದ್ದರೆ. ಶೌಚಾಲಯ ಎಲ್ಲರಿಗೂ ಸೇರಿ ಒಂದು ಕಡೆ. ಹೊರಡುವ ಮುನ್ನ ಕೋಣೆ ಗುಡಿಸಿ, ಕಸ ತುಂಬಿ ತೊಟ್ಟಿಗೆ ಹಾಕುವುದು ಬಂದವರದೇ ಹೊಣೆ. ಎಂಟು ವರ್ಷದ ಮೊಮ್ಮಗಳು ಆ ಪೊರಕೆಯನ್ನು ಯಾರೂ ಹೇಳದೆ ತಾನಾಗಿ ಎತ್ತಿಕೊಂಡದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಅಲ್ಲಿನವರು ಇಂಥ ಪ್ರವಾಸಕ್ಕೆ ಮಾಡುವ ಸಿದ್ಧತೆಯನ್ನು ನಾವು ಗಮನಿಸಬೇಕು. ಮೇ, ಜೂನ್ ತಿಂಗಳಲ್ಲಿ ಆ ಬಯಲಿನಲ್ಲಿ ಮಧ್ಯಾಹ್ನದ ನಂತರ ಸಿಡಿಲು, ಆಲಿಕಲ್ಲು, ಕೆಲವೊಮ್ಮೆ ಸುಂಟರಗಾಳಿ ಬರುವುದರಿಂದ ಹವಾಮಾನ ಮುನ್ಸೂಚನೆಯನ್ನು ಹಿಂದಿನ ದಿನವೇ ನೋಡಿ, ನಡಿಗೆಯನ್ನೆಲ್ಲ ಬೆಳಗಿನ ಹೊತ್ತಿಗೇ ಮುಗಿಸುತ್ತಾರೆ. ಎತ್ತರದ ಒಣಹವೆಯಲ್ಲಿ ಬಾಯಾರಿಕೆ ತಿಳಿಯುವ ಮೊದಲೇ ದೇಹದ ನೀರು ಆರುವುದರಿಂದ ಕುಡಿಯುವ ನೀರನ್ನು ಧಾರಾಳವಾಗಿ ತುಂಬಿಕೊಳ್ಳುತ್ತಾರೆ. ಪೆಟ್ರೋಲ್ ಬಂಕ್ ದೂರವಿರುವುದರಿಂದ, ಮೊಬೈಲ್ ಸಂಪರ್ಕ ಎಲ್ಲ ಕಡೆ ಸಿಗದಿರುವುದರಿಂದ ಟ್ಯಾಂಕ್ ತುಂಬಿಸಿ, ಕಾಗದದ ನಕ್ಷೆ ಇಟ್ಟುಕೊಂಡು, ಎಲ್ಲಿಗೆ ಹೋಗುತ್ತೇವೆ, ಯಾವಾಗ ಮರಳುತ್ತೇವೆ ಎಂದು ಒಬ್ಬರಿಗಾದರೂ ತಿಳಿಸಿ ಹೊರಡುತ್ತಾರೆ. ಸೌದೆಯನ್ನು ಮನೆಯಿಂದ ಒಯ್ಯುವುದಿಲ್ಲ. ತೊಗಟೆಯೊಳಗೆ ಅಡಗಿ ಬರುವ ಕೀಟಗಳು ಆ ಕಡೆಯ ಮರಗಳಿಗೆ ತಗಲದಿರಲೆಂದು ಅಲ್ಲಿಯೇ ಕೊಳ್ಳುತ್ತಾರೆ. ಈ ಸೂಚನೆಗಳೆಲ್ಲ ಕಾಯ್ದಿರಿಸುವಾಗಲೇ ಸಿಗುವುದರಿಂದ ಮೊದಲ ಸಲ ಹೋಗುವವರಿಗೂ ಕಷ್ಟವಾಗುವುದಿಲ್ಲ.

ಇದಕ್ಕೆಲ್ಲ ಭಾರಿ ಹಣ ಬೇಕು ಎಂಬ ಮಾತು ಬರಬಹುದು. ಟೆಕ್ಸಾಸ್‌ನ ಬಯಲಿನಲ್ಲಿರುವ ಪಾಲೋ ಡ್ಯೂರೋ ಕಣಿವೆಯ ರಾಜ್ಯ ಉದ್ಯಾನ 1934ರಲ್ಲಿ ತೆರೆದದ್ದು, ಆರ್ಥಿಕ ಕುಸಿತದ ಕಷ್ಟಕಾಲದಲ್ಲಿ. ಕೆಲಸವಿಲ್ಲದ ಯುವಕರಿಗೆ ದುಡಿಮೆ ಒದಗಿಸಲು 1933ರಲ್ಲಿ ಆರಂಭವಾದ ಸಿವಿಲಿಯನ್ ಕನ್ಸರ್ವೇಷನ್ ಕೋರ್ ಎಂಬ ಸರ್ಕಾರಿ ಯೋಜನೆಯ ಹುಡುಗರು ಅಲ್ಲಿ ರಸ್ತೆ ಮಾಡಿದರು, ಕಲ್ಲಿನ ಕ್ಯಾಬಿನ್‌ಗಳನ್ನು ಕಟ್ಟಿದರು. ಅವುಗಳಲ್ಲಿ ಜನ ಇಂದಿಗೂ ತಂಗುತ್ತಾರೆ. ಕಲ್ಲಿಗೂ ಕಲ್ಲುಕೆಲಸ ಬಲ್ಲವರಿಗೂ ನಮ್ಮ ಮಂಡ್ಯ ಜಿಲ್ಲೆಯಲ್ಲಿ ಕೊರತೆಯಿಲ್ಲ.

ನಮ್ಮಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ವಾಸ್ತವ್ಯಗಳು ಕಬಿನಿ, ಬಿಳಿಗಿರಿರಂಗನ ಬೆಟ್ಟದ ಕ್ಯಾತೆದೇವರಗುಡಿ ಮೊದಲಾದೆಡೆ ಇವೆ. ಊಟ, ಸಫಾರಿ ಎಲ್ಲವನ್ನೂ ಸೇರಿಸಿ ತಲೆಗಿಷ್ಟು ಎಂದು ದರ ಕಟ್ಟುವ ಆ ವ್ಯವಸ್ಥೆ ಕಾಡಿನ ಪ್ರವಾಸಕ್ಕೆ ಸರಿ. ಐದಾರು ಜನರ ಮಧ್ಯಮ ವರ್ಗದ ಕುಟುಂಬಕ್ಕೆ ಅದು ಹೊರೆ. ನಾನು ಕೇಳುತ್ತಿರುವುದು ಕೋಣೆಗೆ ಇಷ್ಟು ಎಂದು ಬಾಡಿಗೆ ಇರುವ, ಬುತ್ತಿ ಕಟ್ಟಿಕೊಂಡು ಹೋಗಿ ತಂಗಬಹುದಾದ ಜಾಗ. ತೊಣ್ಣೂರು ಕೆರೆಯ ಆಸುಪಾಸು, ಕುಂತಿಬೆಟ್ಟದ ತಪ್ಪಲು, ಮೇಲುಕೋಟೆಯ ಹೊರವಲಯ ಇದಕ್ಕೆ ಒಪ್ಪುವ ಸ್ಥಳಗಳು. ಮೇಲುಕೋಟೆಯ ವನ್ಯಧಾಮ ತೋಳಗಳಿಗಾಗಿ ಕಾಯ್ದಿಟ್ಟ ನೆಲವಾದ್ದರಿಂದ ಅದರ ಗಡಿಯೊಳಗೆ ಒಂದು ಇಟ್ಟಿಗೆಯೂ ಬೀಳಬಾರದು. ಊರಂಚಿನಲ್ಲಿ ಈಗಾಗಲೇ ಕಟ್ಟಡಗಳಿರುವ ಸರ್ಕಾರಿ ಜಾಗವನ್ನೇ ಬಳಸಬೇಕು. ಕೆರೆಯ ಬಳಿಯಾದರೆ ನೀರಿಗಿಳಿಯುವುದಕ್ಕೆ ಕಟ್ಟುನಿಟ್ಟಾದ ತಡೆ ಇರಬೇಕು.

ಡೇರೆ ಸಾಲದೇ ಎಂದು ಕೇಳುವವರಿದ್ದಾರೆ. ನಮ್ಮ ಬಯಲಿನಲ್ಲಿ ಸಾಲದು. ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ಮರಿ ಹಾಕುತ್ತಿರುವ ಜಿಲ್ಲೆಗಳು ನಮ್ಮವು. ಕೊಳಕುಮಂಡಲ, ನಾಗರಹಾವುಗಳು ಎಲ್ಲೆಡೆ ಇವೆ. ಏಪ್ರಿಲ್, ಮೇ ತಿಂಗಳ ಮುಂಗಾರುಪೂರ್ವ ಮಳೆ ಸಿಡಿಲು, ಬಿರುಗಾಳಿಗಳನ್ನು ಕಟ್ಟಿಕೊಂಡೇ ಬರುತ್ತದೆ. ನೆಲದಿಂದ ಎರಡಡಿ ಎತ್ತರದ ಜಗಲಿ, ಗಟ್ಟಿ ಬಾಗಿಲು, ಸಿಡಿಲುವಾಹಕವುಳ್ಳ ಕ್ಯಾಬಿನ್ ಇದ್ದರೆ ಮಕ್ಕಳು, ಮುದುಕರು ನಿಶ್ಚಿಂತೆಯಿಂದ ಮಲಗಬಹುದು.

ಊಟಕ್ಕೆ ಊರಿನ ಸ್ತ್ರೀಶಕ್ತಿ ಸಂಘಗಳನ್ನೇ ಆಶ್ರಯಿಸಬಹುದು. ಮೊದಲೇ ತಿಳಿಸಿದವರಿಗೆ ಬಿಸಿ ಮುದ್ದೆ, ಉಪ್ಸಾರು ಮಾಡಿಕೊಟ್ಟರೆ ಆ ಹೆಣ್ಣುಮಕ್ಕಳ ಕೈಗೂ ನಾಲ್ಕು ಕಾಸು ಸೇರುತ್ತದೆ. ಧ್ವನಿವರ್ಧಕ, ಮದ್ಯ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗಳಿಗೆ ಮಾತ್ರ ಮೊದಲ ದಿನದಿಂದಲೇ ಅವಕಾಶ ಕೊಡಬಾರದು, ಏಕೆಂದರೆ ಒಮ್ಮೆ ಸಡಿಲ ಬಿಟ್ಟರೆ ಕುಟುಂಬಗಳು ಆ ಕಡೆ ತಲೆ ಹಾಕುವುದಿಲ್ಲ.

ದೀಪಗಳ ವಿಷಯದಲ್ಲೂ ಎಚ್ಚರ ಬೇಕು. ಕೊಲರಾಡೋ ಬಯಲಿನ ಜಾಕ್ಸನ್ ಲೇಕ್ ರಾಜ್ಯ ಉದ್ಯಾನ ಹೊರಗಿನ ದೀಪಗಳಿಗೆ ಮಿತಿ ಹಾಕಿಕೊಂಡು 2020ರಲ್ಲಿ ಅಂತರರಾಷ್ಟ್ರೀಯ ಕತ್ತಲಾಕಾಶ ಉದ್ಯಾನವೆಂಬ ಮಾನ್ಯತೆ ಪಡೆಯಿತು. ನಮ್ಮಲ್ಲಿಯೂ ಹೈಮಾಸ್ಟ್ ದೀಪ ನೆಡದೆ, ದಾರಿಗೆ ಮಾತ್ರ ಕೆಳಮುಖದ ಮಂದ ಬೆಳಕು ಇಟ್ಟರೆ, ಮೈಸೂರಿನ ಬಡಾವಣೆಗಳಲ್ಲಿ ಬೆಳೆದ ಮಕ್ಕಳು ಡಿಸೆಂಬರ್ ನಡುವಿನ ಜೆಮಿನಿಡ್ ಉಲ್ಕಾವೃಷ್ಟಿಯನ್ನು ಜಗಲಿಯ ಮೇಲೆ ಕುಳಿತೇ ಕಾಣಬಹುದು. ನವೆಂಬರ್‌ನಿಂದ ಫೆಬ್ರವರಿಯವರೆಗೆ ಮಳೆ ಕಡಿಮೆ, ಹವೆ ಹಿತ; ನಮ್ಮ ಬಯಲಿಗೆ ಅದೇ ಸರಿಯಾದ ಕಾಲ.

ಚಾರಣಗಳನ್ನು ಮುಂಗಡ ಕಾಯ್ದಿರಿಸಲು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ಈಗಾಗಲೇ ಇದೆ. ಪ್ರವಾಸೋದ್ಯಮ ಇಲಾಖೆಯೂ ಮಂಡ್ಯ ಜಿಲ್ಲಾಡಳಿತವೂ ಕೂಡಿ ಮೊದಲಿಗೆ ಒಂದೇ ಸ್ಥಳದಲ್ಲಿ ನಾಲ್ಕೈದು ಕ್ಯಾಬಿನ್ ಕಟ್ಟಿಸಿ, ಅದೇ ಜಾಲತಾಣಕ್ಕೆ ಅವುಗಳನ್ನು ಸೇರಿಸಲಿ. ಬಾಡಿಗೆ, ನಿಯಮ, ಒಯ್ಯಬೇಕಾದ ಸಾಮಾನು, ಹತ್ತಿರದ ಆಸ್ಪತ್ರೆ, ಹಾವು ಕಚ್ಚಿದರೆ ಔಷಧ ಸಿಗುವ ಸ್ಥಳ ಇವೆಲ್ಲವನ್ನೂ ಕನ್ನಡದಲ್ಲಿ ಅಲ್ಲಿಯೇ ಪ್ರಕಟಿಸಲಿ. ಜಾಗ ಗುರುತಿಸುವ ಮೊದಲು ಆಯಾ ಗ್ರಾಮ ಪಂಚಾಯಿತಿಯ ಒಪ್ಪಿಗೆ ಪಡೆಯಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಕುವೆಂಪುನಗರ, ಮೈಸೂರು