5ಜಿ ಹೆಸರಿನಲ್ಲಿ ಬ್ಯಾಟರಿಯೂ ಖಾಲಿ, ಡೇಟಾವೂ ಖಾಲಿ

ಮಾನ್ಯ ಸಂಪಾದಕರೆ,

ನಗರದ ಮೂಲೆಮೂಲೆಗೂ 5ಜಿ ತಲುಪಿದೆ ಎಂಬ ನಿನ್ನೆಯ ವರದಿ ಓದಿ ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ. ಆ ಮಾಹಿತಿ ಕೊಟ್ಟ ಅಧಿಕಾರಿಗಳು ಹನುಮಂತನಗರದ ರಾಮಾಂಜನೇಯ ಗುಡ್ಡದ ಕೆಳಗಿನ ಬೀದಿಗಳಿಗೆ ಬರಲಿ. ಮುಖ್ಯರಸ್ತೆಯಲ್ಲಿ ಕಾರು ನಿಲ್ಲಿಸಿ ಅಳೆದುಕೊಂಡು ಹೋಗುವುದು ಬೇಡ. ಮನೆಯೊಳಗೆ ಬಂದು, ಅಡುಗೆಮನೆಯಲ್ಲಿ ನಿಂತು ಫೋನ್ ನೋಡಲಿ. ಈಗ 5ಜಿ, ಮರುಗಳಿಗೆ 4ಜಿ, ಮತ್ತೆ 5ಜಿ, ಆಮೇಲೆ ಏನೂ ಇಲ್ಲ.

ವರದಿ ಬಂದ ದಿನವೇ ನಮ್ಮ ಮನೆಗೆ ಗ್ಯಾಸ್ ಸಿಲಿಂಡರ್ ಬಂತು. ಮೊಬೈಲ್‌ಗೆ ಬಂದ ಸಂಖ್ಯೆ ಹೇಳಿದರಷ್ಟೇ ಸಿಲಿಂಡರ್ ಇಳಿಸುವುದು ಈಗಿನ ಕ್ರಮ. ಬೆಳಿಗ್ಗೆ ಪೂರ್ತಿ ಚಾರ್ಜ್ ಆಗಿದ್ದ ಫೋನ್ ಮಧ್ಯಾಹ್ನಕ್ಕೆ ಸ್ವಿಚ್ ಆಫ್. ಯಾರೂ ಅದನ್ನು ಮುಟ್ಟಿರಲಿಲ್ಲ, ಮೇಜಿನ ಮೇಲಿತ್ತು. ಕರೆಂಟೂ ಹೋಗಿದ್ದರಿಂದ ಚಾರ್ಜ್ ಹಾಕುವಂತಿರಲಿಲ್ಲ. ಮೂರನೇ ಮಹಡಿಯವರೆಗೆ ಸಿಲಿಂಡರ್ ಹೊತ್ತು ತಂದ ಹುಡುಗ, ಸಂಖ್ಯೆಯಿಲ್ಲದೆ ಕೊಟ್ಟರೆ ತನ್ನ ಕೆಲಸಕ್ಕೆ ಕುತ್ತು ಎಂದು ಮತ್ತೆ ಹೊತ್ತುಕೊಂಡು ಇಳಿದ. ಅವನದೇನು ತಪ್ಪು? ಹಾಸಿಗೆ ಹಿಡಿದಿರುವ ಅತ್ತೆಯವರಿಗೆ ಗಂಜಿ ಮಾಡಲು ಪಕ್ಕದ ಮನೆಯ ಒಲೆ ಕೇಳಬೇಕಾಯಿತು. ಅದೇ ಸಂಜೆ ವೈದ್ಯರು ವಾಪಸ್ ಮಾಡಿದ ಕರೆಯೂ ತಪ್ಪಿತು. ಬ್ಯಾಂಕು, ಔಷಧ, ಅಡುಗೆ ಅನಿಲ, ಗಾಂಧಿ ಬಜಾರಿನ ಹೂವು, ಎಲ್ಲವನ್ನೂ ತಂದು ಫೋನಿಗೆ ಕಟ್ಟಿಹಾಕಿದವರು ಆ ಫೋನ್ ಸಂಜೆಯವರೆಗೆ ಉಳಿಯುತ್ತದೆಯೇ ಎಂದು ಯೋಚಿಸಬಾರದೇ?

ಬ್ಯಾಟರಿ ಬದಲಿಸಿ, ಇಲ್ಲವೇ ಹೊಸ ಫೋನ್ ಕೊಳ್ಳಿ ಎಂಬುದು ಸಿಮ್ ಕೊಟ್ಟ ಮಳಿಗೆಯವರ ಸಲಹೆ. ಎಸ್‌.ಪಿ. ರಸ್ತೆಯ ದುರಸ್ತಿ ಅಂಗಡಿಯವರು ಪರೀಕ್ಷಿಸಿ, ಬ್ಯಾಟರಿ ಚೆನ್ನಾಗಿದೆ ಎಂದು ದುಡ್ಡು ಕೂಡ ಪಡೆಯದೆ ಕಳುಹಿಸಿದರು. ಕಾರಣವನ್ನು ಬಿಡಿಸಿ ಹೇಳಿದವರೂ ಅವರೇ. ಸಿಗ್ನಲ್ ದುರ್ಬಲವಾದಷ್ಟೂ ಟವರನ್ನು ಮುಟ್ಟಲು ಫೋನ್ ಹೆಚ್ಚು ಶಕ್ತಿ ವ್ಯಯಿಸುತ್ತದೆ. ಸಿಗ್ನಲ್ ತಪ್ಪಿದರೆ ಹುಡುಕುತ್ತಲೇ ಇರುತ್ತದೆ. 5ಜಿಗೆ ನಮ್ಮಲ್ಲಿ ಹೆಚ್ಚಾಗಿ ಬಳಸುವುದು 3300 ಮೆಗಾಹರ್ಟ್ಸ್ ಆಸುಪಾಸಿನ ತರಂಗಗಳನ್ನು. ಹಳೆಯ 2ಜಿಯ 900 ಮೆಗಾಹರ್ಟ್ಸ್ ತರಂಗಗಳು ಗೋಡೆ ದಾಟಿ ಒಳಕೋಣೆಗೂ ಬರುತ್ತಿದ್ದವು. 5ಜಿಯ ಈ ತರಂಗಗಳು ಕಾಂಕ್ರೀಟ್ ಗೋಡೆಗೇ ಸೊರಗುತ್ತವೆ. ಮೇಲಾಗಿ ಎಷ್ಟೋ ಕಡೆ 5ಜಿ ಇನ್ನೂ ಸ್ವತಂತ್ರ ಜಾಲವಲ್ಲ, 4ಜಿಯ ಆಸರೆಯಲ್ಲೇ ನಡೆಯುತ್ತದೆ. ಫೋನ್ ಎರಡೂ ಸಂಪರ್ಕಗಳನ್ನು ಒಟ್ಟಿಗೆ ಹಿಡಿದಿರಬೇಕು. ಟವರ್ ಹತ್ತಿರವಿದ್ದರೆ 5ಜಿ ಕೆಲಸವನ್ನು ಬೇಗ ಮುಗಿಸಿ ಫೋನಿಗೆ ವಿಶ್ರಾಂತಿ ಕೊಡುತ್ತದೆ, ಅದನ್ನು ಒಪ್ಪುತ್ತೇನೆ. ಆ ಟವರ್ ನಮ್ಮ ಬೀದಿಗೆ ಯಾವಾಗ ಬರುತ್ತದೆ ಎಂದು ಕೇಳಿದರೆ ಉತ್ತರವಿಲ್ಲ.

4ಜಿಗೆ ಮಾತ್ರ ಹೊಂದಿಸಿಕೊಳ್ಳಿ, ಬ್ಯಾಟರಿ ಉಳಿಯುತ್ತದೆ ಎಂದರು ಅಂಗಡಿಯವರು. ನಿಜ, ಉಳಿಯಿತು. ಆದರೆ ಡೇಟಾ ಹೋಯಿತು! ನಮ್ಮ ಪ್ಯಾಕ್‌ನಲ್ಲಿ ಡೇಟಾ ಅನಿಯಮಿತ ಎನ್ನುವುದು 5ಜಿಯಲ್ಲಿದ್ದಾಗ ಮಾತ್ರ. 4ಜಿಗೆ ಇಳಿದ ತಕ್ಷಣ ದಿನದ 2 ಜಿಬಿ ಲೆಕ್ಕದಲ್ಲಿ ಕಳೆಯುತ್ತದೆ. 2024ರ ಜುಲೈನಲ್ಲಿ ದರ ಏರಿಸಿದಾಗ ದೊಡ್ಡ ಕಂಪನಿಗಳು ಈ ಅನಿಯಮಿತ 5ಜಿಯನ್ನು ದಿನಕ್ಕೆ 2 ಜಿಬಿ ಮತ್ತು ಅದಕ್ಕಿಂತ ದುಬಾರಿ ಪ್ಯಾಕ್‌ಗಳಿಗೆ ಮೀಸಲಿಟ್ಟವು. ನಾವು ಹೆಚ್ಚು ಕೊಟ್ಟು ಅದನ್ನೇ ಹಾಕಿಸಿಕೊಂಡೆವು. 5ಜಿಯಲ್ಲೇ ಬಿಟ್ಟರೂ ನೆಮ್ಮದಿಯಿಲ್ಲ. ವೇಗ ಸಿಕ್ಕಾಗ ವಿಡಿಯೊ ತಾನಾಗಿಯೇ ಮೇಲಿನ ಗುಣಮಟ್ಟಕ್ಕೆ ಏರುತ್ತದೆ, ಅಂಥದ್ದು ಗಂಟೆಗೆ ಒಂದು ಜಿಬಿಗಿಂತ ಹೆಚ್ಚು ನುಂಗುತ್ತದೆ. ನಡುವೆ ಸದ್ದಿಲ್ಲದೆ 4ಜಿಗೆ ಜಾರಿದರೆ ಮಗಳ ಒಂದು ಪಾಠ ಮುಗಿಯುವಷ್ಟರಲ್ಲಿ ದಿನದ ಪಾಲು ಮುಗಿದಿರುತ್ತದೆ. ಆಮೇಲೆ ಉಳಿಯುವುದು 64 ಕೆಬಿಪಿಎಸ್. 5ಜಿಯ ದುಡ್ಡು ಕೊಟ್ಟು 2ಜಿ ಕಾಲದ ವೇಗದಲ್ಲಿ ತರಕಾರಿ ಗಾಡಿಯ ಮುಂದೆ ಹಣ ಹೋಯಿತೋ ಇಲ್ಲವೋ ಎಂದು ಕಾಯುವುದು ಯಾವ ನ್ಯಾಯ? 5ಜಿ ಇಟ್ಟುಕೊಂಡರೆ ಬ್ಯಾಟರಿ ಹೋಗುತ್ತದೆ, 4ಜಿ ಇಟ್ಟುಕೊಂಡರೆ ಡೇಟಾ ಹೋಗುತ್ತದೆ; ಕಂಪನಿಗೆ ಮಾತ್ರ ಯಾವುದರಲ್ಲೂ ನಷ್ಟವಿಲ್ಲ.

ಕಂಪನಿಯ ದೂರು ಸಂಖ್ಯೆ 198ಕ್ಕೆ ಕರೆ ಮಾಡಿದರೆ ಯಂತ್ರ ಮಾತನಾಡುತ್ತದೆ. ಮನುಷ್ಯರು ಸಿಗುವಷ್ಟರಲ್ಲಿ ಕರೆಯೇ ಕಡಿದುಹೋಗುತ್ತದೆ. ಯಾರೂ ಮನೆಗೆ ಬರದಿದ್ದರೂ ದೂರು ಇತ್ಯರ್ಥವಾಯಿತೆಂಬ ಸಂದೇಶ ಬರುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ತಾನು ವಿಚಾರಿಸುವುದಿಲ್ಲ. ಎಲ್ಲಿ ಯಾವ ಜಾಲವಿದೆ ಎಂಬ ನಕ್ಷೆಯನ್ನು ಕಂಪನಿಗಳು ಜಾಲತಾಣದಲ್ಲಿ ಹಾಕಬೇಕೆಂದು ಅದು 2024ರಲ್ಲಿ ನಿಯಮ ಮಾಡಿತು. ಹಾಕಿದ್ದಾರೆ. ನಮ್ಮ ಬೀದಿಗೂ ಚೆನ್ನಾಗಿ ಬಣ್ಣ ಬಳಿದಿದ್ದಾರೆ. ಆ ಬಣ್ಣವನ್ನು ಮನೆಯೊಳಗೆ ಬಂದು ಪರಿಶೀಲಿಸುವವರು ಯಾರು? ಮಧ್ಯದಲ್ಲಿ ಕಡಿದ ಪ್ರತಿ ಕರೆಗೂ, ದಿನಕ್ಕೆ ಮೂರು ಕರೆಗಳವರೆಗೆ, ಒಂದು ರೂಪಾಯಿ ಪರಿಹಾರ ಕೊಡಬೇಕೆಂದು ಇದೇ ಟ್ರಾಯ್ 2015ರಲ್ಲಿ ಆದೇಶಿಸಿತ್ತು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ರದ್ದುಗೊಳಿಸಿತು. ಗ್ರಾಹಕರ ಕೈಗೆ ಒಂದು ರೂಪಾಯಿಯೂ ದಕ್ಕಲಿಲ್ಲ.

ಸ್ಥಳೀಯ ಅಧಿಕಾರಿಗಳ ವಿಷಯ ಹೇಳಿ ಪ್ರಯೋಜನವಿಲ್ಲ, ಆದರೂ ಹೇಳುತ್ತೇನೆ. ಕೇಬಲ್ ಹಾಕಲೆಂದು ಅಗೆದ ನಮ್ಮ ರಸ್ತೆಗೆ ಮಣ್ಣು ಮುಚ್ಚಿ ಹೋದವರು ಡಾಂಬರು ಹಾಕಲು ಬರಲೇ ಇಲ್ಲ. ಅನುಮತಿ ಕೊಟ್ಟ ಎಂಜಿನಿಯರ್ ವರ್ಗವಾಗಿದ್ದಾರೆ, ಬಂದವರಿಗೆ ಕಡತ ಸಿಗುತ್ತಿಲ್ಲ. ಕಂಬಗಳಿಂದ ಜೋತುಬಿದ್ದ ತಂತಿಗಳು ನಡೆಯುವವರ ಕತ್ತಿಗೆ ತಗಲುತ್ತವೆ. ಹಿಂದೆ ಲ್ಯಾಂಡ್‌ಲೈನ್‌ಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿತ್ತು, ಕರೆಂಟು ಹೋದರೂ ಫೋನ್ ಮಾತನಾಡುತ್ತಿತ್ತು. ಕೆಟ್ಟರೆ ಲೈನ್‌ಮನ್ ಮನೆ ಬಾಗಿಲಿಗೆ ಬರುತ್ತಿದ್ದರು, ಅವರ ಹೆಸರೂ ನಮಗೆ ಗೊತ್ತಿರುತ್ತಿತ್ತು. ಈಗ ದೂರಲು ಒಂದು ಮುಖವೂ ಇಲ್ಲ.

2022ರ ಅಕ್ಟೋಬರ್ 1ರಂದು 5ಜಿ ಉದ್ಘಾಟನೆಯಾಯಿತು. ಆರು ತಿಂಗಳೂ ತುಂಬುವ ಮೊದಲು, 2023ರ ಮಾರ್ಚ್‌ನಲ್ಲಿ 6ಜಿಯ ಮುನ್ನೋಟ ಪತ್ರವೂ ಬಿಡುಗಡೆಯಾಯಿತು. 5ಜಿ ಗೋಡೆ ದಾಟಿ ಮನೆಯೊಳಗೆ ಬರಲಿ, ಅಲ್ಲಿಯವರೆಗೆ 6ಜಿಯ ಮಾತೇ ಬೇಡ. ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಬೇಕು. ನಮ್ಮ ಬೀದಿಗೆ ಟವರ್ ಹಾಕಲಿ, ಇಲ್ಲವೇ 4ಜಿಗೆ ಜಾರಿದಾಗಿನ ಡೇಟಾವನ್ನು ಲೆಕ್ಕಕ್ಕೆ ಹಿಡಿಯದಿರಲಿ, ಅದೂ ಆಗದಿದ್ದರೆ ದುಡ್ಡು ವಾಪಸ್ ಕೊಡಲಿ. ರಸ್ತೆಯನ್ನೂ ಸರಿಪಡಿಸಲಿ. ಇದರಲ್ಲಿ ಒಂದೂ ಕೈಲಾಗದವರು ಪತ್ರಿಕೆಗಳಿಗೆ ಅಂಕಿಅಂಶ ಕೊಡುವುದನ್ನಾದರೂ ನಿಲ್ಲಿಸಲಿ, ಓದಿದವರ ಹೊಟ್ಟೆ ಉರಿಯುತ್ತದೆ.

– ನೊಂದ ಗೃಹಿಣಿ, ಹನುಮಂತನಗರ, ಬೆಂಗಳೂರು